ಮಿಡತೆಗೆ ಕಾಲು ಆರು: ಪ್ರಾಣಿಗೊಂಬೆಗಳ ಸಂಗ್ರಹವನ್ನು ಕುರಿತು

ಸಂಜೆಯ ಹೊತ್ತು ಮಿಯಾಪುರದ ಮೆಟ್ರೋ ನಿಲ್ದಾಣದಿಂದ ಇಳಿದು ಮುಂಬಯಿ ಹೆದ್ದಾರಿಯ ಬದಿಯಲ್ಲಿ ನಾಲ್ಕು ಹೆಜ್ಜೆ ನಡೆದವರಿಗೆ ಆಟಿಕೆಯ ತಳ್ಳುಗಾಡಿಗಳು ಕಾಣಸಿಗುವುದುಂಟು. ಒಂದು ಚೀಲದಲ್ಲಿ ಚೇಳು, ಜೇಡ, ಜಿರಳೆ, ಮಿಡತೆ, ದುಂಬಿ. ಇನ್ನೊಂದರಲ್ಲಿ ಹುಲಿ, ಸಿಂಹ, ಆನೆ, ಒಂಟೆ. ಎಲ್ಲವೂ ಪ್ಲಾಸ್ಟಿಕ್ಕಿನವು. ಮಗು ಕೈಹಿಡಿದು ಜಗ್ಗುತ್ತದೆ, ತಂದೆ ಚೌಕಾಸಿ ಮಾಡಿ ಕೊಳ್ಳುತ್ತಾನೆ. ವಾರ ಕಳೆಯುವುದರೊಳಗೆ ಹುಲಿಯ ಬಾಲ ಮುರಿದು, ಚೇಳು ಮಂಚದ ಕೆಳಗೆ ಸೇರಿ, ಆ ವ್ಯಾಪಾರವು ಮುಗಿದುಹೋಗುತ್ತದೆ.

ಇಂತಹ ಸಣ್ಣ ವಿಷಯವನ್ನು ಕುರಿತು ಪತ್ರಿಕೆಯಲ್ಲಿ ಬರೆಯುವುದೇಕೆ ಎಂದು ವಾಚಕ ಮಹಾಶಯರು ಕೇಳಬಹುದು. ಕಾರಣವಿದೆ. ಜೀವಂತ ಪ್ರಾಣಿಯನ್ನು ಹೋಲುವ ಗೊಂಬೆಗಳನ್ನು ಆರಿಸಿ ಕೂಡಿಡುವುದು ಲೋಕದ ಅನೇಕ ದೇಶಗಳಲ್ಲಿ ದೊಡ್ಡವರೂ ಮಾನಮರ್ಯಾದೆಯಿಂದ ನಡೆಸುತ್ತಿರುವ ಹವ್ಯಾಸ. ಅದಕ್ಕೆ ಬೇಕಾಗುವ ಹಣ ಅತ್ಯಲ್ಪ. ಜಾಗ ಒಂದು ಟ್ರಂಕಿನಷ್ಟು. ನಾಲ್ವರು ಸೇರಿ ಒಂದು ಕೋಣೆಯಲ್ಲಿ ವಾಸಿಸುವ ನಮ್ಮ ಹೋಟೆಲು ನೌಕರರಿಗೂ, ಒಂದು ಹಜಾರದ ಮನೆಯಲ್ಲಿ ಸಂಸಾರ ಹೂಡಿರುವ ಗುಮಾಸ್ತ ಬಂಧುಗಳಿಗೂ ಇದಕ್ಕಿಂತ ಅನುಕೂಲವಾದ ಹವ್ಯಾಸವಿಲ್ಲ. ಅದಕ್ಕೂ ಮಿಗಿಲಾಗಿ, ಪರಊರಿನಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳ ಬಾಯಲ್ಲಿ ಕನ್ನಡದ ಕೆಲವು ನೂರು ಶಬ್ದಗಳು ಉಳಿಯಬೇಕೆ, ಅಳಿಯಬೇಕೆ ಎಂಬ ಪ್ರಶ್ನೆಯೂ ಇದರಲ್ಲಿ ಅಡಗಿದೆ.

ಇದು ನಮಗೆ ಹೊಸದಲ್ಲ

ಸಿಂಧೂ ಕಣಿವೆಯ ನೆಲೆಗಳಲ್ಲಿ ಸುಮಾರು 4,500 ವರ್ಷಗಳಷ್ಟು ಹಳೆಯ ಮಣ್ಣಿನ ಎತ್ತುಗಳೂ ಬಂಡಿಗಳೂ ದೊರೆತಿವೆ. ತಲೆ ಅಲ್ಲಾಡಿಸುವಂತೆ ಮಾಡಿದ ಎತ್ತೂ ಅವುಗಳಲ್ಲಿ ಉಂಟು. ಅಷ್ಟು ದೂರ ಹೋಗಬೇಕಾದುದೂ ಇಲ್ಲ. ಕಲಬುರಗಿ, ಬೀದರ, ರಾಯಚೂರು ಕಡೆಯಿಂದ ಬಂದು ಇಲ್ಲಿ ದುಡಿಯುತ್ತಿರುವ ಬಂಧುಗಳಿಗೆ ಮಣ್ಣೆತ್ತಿನ ಅಮಾವಾಸ್ಯೆಯನ್ನು ನಾವು ವಿವರಿಸಬೇಕಾಗಿಲ್ಲ. ಜ್ಯೇಷ್ಠ ಮಾಸದ ಅಮಾವಾಸ್ಯೆಯಂದು ಹೊಲದ ಎರೆಮಣ್ಣನ್ನು ತಂದು ನಾದಿ, ಜೋಡೆತ್ತುಗಳನ್ನು ಮಾಡಿ, ಪೂಜಿಸುವ ಹಬ್ಬವದು. ಹೆಗಲ ಇಣಿ ಎಲ್ಲಿ ಏಳುತ್ತದೆ, ಕೊರಳ ತೊಗಲು ಹೇಗೆ ಜೋಲುತ್ತದೆ, ಕೋಡು ಯಾವ ಕಡೆಗೆ ಬಾಗುತ್ತದೆ ಎಂಬುದು ರೈತನ ಮಗನ ಬೆರಳಿಗೆ ತಾನಾಗಿಯೇ ತಿಳಿದಿರುತ್ತದೆ. ಏಕೆಂದರೆ ಅವನು ಎತ್ತನ್ನು ದಿನವೂ ಕಂಡವನು, ಮೈ ತೊಳೆದವನು.

ಉಡುಪಿ, ಕುಂದಾಪುರದ ಕಡೆಯವರಿಗೆ ಮಣ್ಣಿನ ಬದಲು ತೆಂಗಿನ ಗರಿ. ಗರಿಯ ಕಡ್ಡಿ ಬಿಡಿಸಿ, ಎಲೆಯನ್ನು ಮಡಿಸಿ ಹೆಣೆದು, ಹಾವನ್ನೋ ಗಿಳಿಯನ್ನೋ ಮಿಡತೆಯನ್ನೋ ಮಾಡದ ಬಾಲ್ಯ ಆ ಸೀಮೆಯಲ್ಲಿ ಅಪರೂಪ. ಇಂದು ದೋಸೆಯ ಕಾವಲಿಯ ಮುಂದೆ ನಿಂತಿರುವ ಎಷ್ಟೋ ಕೈಗಳು ಒಂದು ಕಾಲಕ್ಕೆ ಗರಿಯ ಮಿಡತೆಯನ್ನು ಹೆಣೆದ ಕೈಗಳೇ ಆಗಿವೆ. ಇನ್ನು ಹಳೆಯ ಮೈಸೂರಿನವರಿಗೆ ದಸರೆಯ ಗೊಂಬೆಗಳು. ಪಟ್ಟದ ಗೊಂಬೆಗಳ ಕೆಳಗಿನ ಹಂತದಲ್ಲಿ ರಾಗಿಯ ಪೈರು ಚೆಲ್ಲಿ ಕಾಡು ಮಾಡಿ, ಅದರಲ್ಲಿ ಹುಲಿ, ಜಿಂಕೆ, ಆನೆಗಳನ್ನು ನಿಲ್ಲಿಸುವುದು ಅಲ್ಲಿಯ ಮನೆಗಳ ಪದ್ಧತಿ. ವರ್ಷಕ್ಕೊಂದು ಹೊಸ ಗೊಂಬೆ ಸೇರಬೇಕೆಂಬ ವಾಡಿಕೆಯೂ ಉಂಟು. ಸಂಗ್ರಹವೆಂಬುದರ ನಿಯಮ ಇದಕ್ಕಿಂತ ಬೇರೆಯೇನಲ್ಲ.

ಕಾಲು ಎಣಿಸಿ ಕೊಳ್ಳಿರಿ

ಸಂಗ್ರಹ ಬೇರೆ, ರಾಶಿ ಬೇರೆ. ಸಿಕ್ಕಿದ್ದನ್ನೆಲ್ಲ ತಂದು ಪೇರಿಸುವವನು ಸಂಗ್ರಾಹಕನಲ್ಲ. ಗೊಂಬೆ ಪ್ರಾಣಿಗೆ ಸತ್ಯವಾಗಿದೆಯೇ ಎಂದು ಪರೀಕ್ಷಿಸಿ ಕೊಳ್ಳುವವನೇ ಸಂಗ್ರಾಹಕ. ತರಕಾರಿ ಮಾರ್ಕೆಟ್ಟಿನಲ್ಲಿ ಬದನೆಕಾಯಿಯನ್ನು ಹೇಗೆ ತಿರುಗಿಸಿ ನೋಡುತ್ತೇವೆಯೋ ಹಾಗೆಯೇ ಇಲ್ಲಿಯೂ ನೋಡತಕ್ಕದ್ದು.

ಕೀಟವಾದರೆ ಮೊದಲು ಕಾಲು ಎಣಿಸಬೇಕು. ಕೀಟಕ್ಕೆ ಆರೇ ಕಾಲು. ಅದರ ಮೈ ತಲೆ, ಎದೆ, ಹೊಟ್ಟೆ ಎಂದು ಮೂರು ಭಾಗ. ಆರು ಕಾಲುಗಳೂ, ರೆಕ್ಕೆಯಿದ್ದರೆ ರೆಕ್ಕೆಗಳೂ ನಡುವಣ ಎದೆಯ ಭಾಗದಿಂದಲೇ ಹೊರಡುತ್ತವೆ. ಅಗ್ಗದ ಗೊಂಬೆಗಳಲ್ಲಿ ಹೊಟ್ಟೆಯಿಂದಲೂ ಕಾಲು ಹೊರಟಿರುವುದನ್ನು ಕಾಣಬಹುದು. ಎಂಟು ಕಾಲಿನ ಇರುವೆಯನ್ನೂ ಆರು ಕಾಲಿನ ಜೇಡನನ್ನೂ ಕಾಣಬಹುದು. ಜೇಡವು ಕೀಟವಲ್ಲ, ಅದಕ್ಕೆ ಎಂಟು ಕಾಲು. ಚೇಳಿಗೂ ಎಂಟು ಕಾಲು. ಮುಂದಿನ ಎರಡು ಕೊಂಡಿಗಳು ಅದರ ಲೆಕ್ಕಕ್ಕೆ ಸೇರವು. ಜರಿಯ ವಿಷಯದಲ್ಲಿ ಒಂದು ಸೋಜಿಗವುಂಟು: ಬೆಳೆದ ಜರಿಗೆ ಕಾಲಿನ ಜೊತೆಗಳು ಎಷ್ಟೇ ಇರಲಿ, ಆ ಜೊತೆಗಳ ಸಂಖ್ಯೆ ಯಾವಾಗಲೂ ಬೆಸವೇ. ಆದುದರಿಂದ ಅದನ್ನು ‘ಶತಪದಿ’ ಎಂದು ಕರೆದರೂ ಸರಿಯಾಗಿ ನೂರು ಕಾಲಿನ ಜರಿ ಇರಲಾರದು. ನೂರು ಕಾಲೆಂದರೆ ಐವತ್ತು ಜೊತೆ, ಅದು ಸಮಸಂಖ್ಯೆ.

ಆನೆಯಾದರೆ ಕಿವಿ ನೋಡಬೇಕು. ನಮ್ಮ ದೇಶದ ಆನೆಯ ಕಿವಿ ಚಿಕ್ಕದು, ಬೆನ್ನು ಮೇಲಕ್ಕೆ ಉಬ್ಬಿದ್ದು, ಸೊಂಡಿಲ ತುದಿಯಲ್ಲಿ ಬೆರಳಿನಂತಹ ಮೊನೆ ಒಂದೇ. ಆಫ್ರಿಕದ ಆನೆಯ ಕಿವಿ ಅಗಲವಾದದ್ದು, ಬೆನ್ನು ನಡುವೆ ತಗ್ಗಿದ್ದು, ಸೊಂಡಿಲಿಗೆ ಮೊನೆ ಎರಡು. ತಳ್ಳುಗಾಡಿಯಲ್ಲಿ ಸಿಗುವ ಆನೆಗಳಲ್ಲಿ ಹೆಚ್ಚಿನವು ಆಫ್ರಿಕದವೇ. ದಸರೆಯ ಮೆರವಣಿಗೆಯ ಆನೆಯೆಂದು ಮಗುವಿಗೆ ಅದನ್ನು ತೋರಿಸಿದರೆ ಆನೆಗೂ ಅನ್ಯಾಯ, ಮಗುವಿಗೂ ಅನ್ಯಾಯ.

ಹೋಟೆಲಿನವರಾದ ನಮಗೆ ಕೀಟವೆಂದ ಕೂಡಲೆ ನೆನಪಾಗುವುದು ಆರೋಗ್ಯ ಇಲಾಖೆಯ ಇನ್‌ಸ್ಪೆಕ್ಟರರು. ಇರುವೆ, ನೊಣ, ಜಿರಳೆಗಳನ್ನು ಶತ್ರುಗಳೆಂದೇ ತಿಳಿದು ಬಾಳಿದವರು ನಾವು. ಆದರೂ ಗಲ್ಲಾದ ಮೇಲಿನ ಕಪಾಟಿನಲ್ಲಿ ಒಂದು ಚೆನ್ನಾದ ದುಂಬಿಯ ಗೊಂಬೆ ಇದ್ದರೆ ಗಿರಾಕಿಯು ಚಿಲ್ಲರೆ ಎಣಿಸುವುದನ್ನು ನಿಲ್ಲಿಸಿ ಅದನ್ನು ನೋಡುತ್ತಾನೆಂಬುದನ್ನು ನಾವು ಕಂಡಿದ್ದೇವೆ. ಓಡಾಡುವ ಹುಳುವನ್ನು ಹೊಡೆಯಲು ಹೋಗುವ ಕೈ, ನಿಶ್ಚಲವಾದ ಗೊಂಬೆಯನ್ನು ಎತ್ತಿ ನೋಡಲು ಹೋಗುತ್ತದೆ.

ಹುಣಿಸೆ ಬೀಜದ ಮಹಿಮೆ

ಮಿಯಾಪುರದಿಂದ ಸುಮಾರು 200 ಕಿಲೋಮೀಟರು ಉತ್ತರಕ್ಕೆ, ನಾಗಪುರದ ಹೆದ್ದಾರಿಯಲ್ಲಿ, ನಿರ್ಮಲ ಎಂಬ ಪಟ್ಟಣವಿದೆ. 2016ರಿಂದ ಅದು ಜಿಲ್ಲೆಯ ಮುಖ್ಯಸ್ಥಳವೂ ಆಗಿದೆ. ಅಲ್ಲಿಯ ನಕ್ಕಾಶಿ ಕುಶಲಕರ್ಮಿಗಳು ಪೊನಿಕಿ ಎಂಬ ಹಗುರವಾದ, ಮೃದುವಾದ ಮರವನ್ನು ಕೆತ್ತಿ ಜಿಂಕೆ, ನವಿಲು, ಗಿಳಿ, ಹಣ್ಣು ಮುಂತಾದ ಗೊಂಬೆಗಳನ್ನು ಮಾಡುತ್ತಾರೆ. ಕೈ ಕಾಲು ಕೋಡುಗಳನ್ನು ಬೇರೆ ಬೇರೆಯಾಗಿ ಕೆತ್ತಿ, ಹುಣಿಸೆ ಬೀಜದ ಸರಿಯಲ್ಲಿ ಮರದ ಹೊಟ್ಟನ್ನು ಕಲಸಿ, ಆ ಮುದ್ದೆಯಿಂದ ಅವುಗಳನ್ನು ಕೂಡಿಸಿ, ಸಂದು ಮುಚ್ಚಿ, ನುಣುಪು ಮಾಡಿ, ಬಣ್ಣ ಬಳಿಯುವುದು ಅಲ್ಲಿಯ ಕ್ರಮ.

ನಮ್ಮ ಕರ್ನಾಟಕದಲ್ಲಿ ಇದಕ್ಕೆ ಒಡಹುಟ್ಟಿದಂತಿರುವ ಕಲೆ ಕೊಪ್ಪಳದ ಸಮೀಪದ ಕಿನ್ನಾಳದ್ದು. ಹಂಪಿಯ ವಿರೂಪಾಕ್ಷ ದೇವಾಲಯದ ಚಿತ್ರಗಳನ್ನು ಬರೆದವರು ತಮ್ಮ ಪೂರ್ವಿಕರೆಂಬುದು ಕಿನ್ನಾಳದ ಚಿತ್ರಗಾರ ಮನೆತನಗಳ ಪ್ರತೀತಿ. ಅಲ್ಲಿಯೂ ಹಗುರವಾದ ಮರವೇ. ಅಲ್ಲಿಯೂ ಹುಣಿಸೆ ಬೀಜದ ಅಂಟೇ. ಗೋಣಿಯ ಚಿಂದಿಯನ್ನು ನೆನೆಹಾಕಿ, ಒಣಗಿಸಿ, ಪುಡಿ ಮಾಡಿ, ಹುಣಿಸೆ ಬೀಜದ ಸರಿಯೊಡನೆ ಕುಟ್ಟಿದರೆ ‘ಕಿಟ್ಟ’ ಎಂಬ ಮುದ್ದೆಯಾಗುತ್ತದೆ. ಕಲ್ಲಿನ ಪುಡಿಯನ್ನು ಅಂಟಿನಲ್ಲಿ ಕಲಸಿ, ಅದರಿಂದ ಆಭರಣಗಳ ಉಬ್ಬುಗೆಲಸವನ್ನು ಎಳೆಯುತ್ತಾರೆ. ನಿರ್ಮಲದ ಗೊಂಬೆಗೂ ಕಿನ್ನಾಳದ ಗೊಂಬೆಗೂ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ.

ಮಣಗಟ್ಟಲೆ ಹುಣಿಸೆಹಣ್ಣನ್ನು ಸಾರಿಗೂ ಸಾಂಬಾರಿಗೂ ಹಿಂಡುವ ವ್ಯಾಪಾರ ನಮ್ಮದು. ಬೀಜ ಸಿಕ್ಕರೆ ಬುಟ್ಟಿಗೆ ಬಿಸಾಡುತ್ತೇವೆ. ಆ ಬೀಜವೇ ನಿರ್ಮಲದ ಜಿಂಕೆಯ ಕೋಡನ್ನೂ ಕಿನ್ನಾಳದ ಆನೆಯ ಸೊಂಡಿಲನ್ನೂ ಹಿಡಿದು ನಿಲ್ಲಿಸಿದೆ ಎಂಬುದನ್ನು ತಿಳಿದಾಗ ಅಡುಗೆ ಮನೆಗೂ ಗೊಂಬೆಯ ಮನೆಗೂ ನಂಟು ಹತ್ತಿರವಾಗುತ್ತದೆ.

ಇನ್ನೊಂದು ನಂಟನ್ನೂ ಹೇಳಬೇಕು. 1956ರ ನವೆಂಬರ್ 1ರವರೆಗೆ ನಿರ್ಮಲವೂ ಕೊಪ್ಪಳವೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಕೊಪ್ಪಳವು ಸಾಲಾರ್ ಜಂಗರ ಜಹಗೀರಿಗೆ ಸೇರಿತ್ತು. ಅಂದು ಒಂದು ರಾಜ್ಯದ ಎರಡು ಮೂಲೆಗಳಲ್ಲಿ ಒಂದೇ ಬಗೆಯ ಅಂಟಿನಿಂದ ಗೊಂಬೆ ಕೂಡಿಸುತ್ತಿದ್ದವರು ಇಂದು ಎರಡು ರಾಜ್ಯಗಳವರು. ಆದುದರಿಂದ ಹೈದರಾಬಾದಿನ ಕನ್ನಡಿಗನು ಕಿನ್ನಾಳದ್ದೊಂದು, ನಿರ್ಮಲದ್ದೊಂದು ಗೊಂಬೆಯನ್ನು ಪಕ್ಕಪಕ್ಕದಲ್ಲಿಡುವುದು ಬರಿಯ ಅಲಂಕಾರವಲ್ಲ. ತಾನು ನಿಂತಿರುವ ನೆಲದ ಚರಿತ್ರೆಯನ್ನು ಕಪಾಟಿನಲ್ಲಿಟ್ಟಂತೆ.

ಚನ್ನಪಟ್ಟಣದ ಗೊಂಬೆಗಳನ್ನು ಮರೆತೆವೆಂದು ವಾಚಕರು ಕೋಪಿಸಿಕೊಳ್ಳಬಾರದು. ಅವು ಹಾಲೆಮರವನ್ನು ತಿರುಗಣಿಯಲ್ಲಿ ಕಡೆದು ಅರಗಿನ ಬಣ್ಣ ಹತ್ತಿಸಿದವು. ತಿರುಗಣಿಯಲ್ಲಿ ಬರುವುದು ದುಂಡನೆಯ ಆಕಾರ. ಆದ ಕಾರಣ ಅಲ್ಲಿಯ ಆನೆ ಕುದುರೆಗಳು ಕಣ್ಣಿಗೆ ಇಂಪು, ಮಗುವಿನ ಕೈಗೆ ನುಣುಪು. ಆದರೆ ಪ್ರಾಣಿಯ ತದ್ರೂಪವನ್ನು ಅವುಗಳಿಂದ ಬಯಸಲಾಗದು. ತದ್ರೂಪ ಬೇಕಾದವರು ಉಳಿಯಿಂದ ಕೆತ್ತಿದ ಗೊಂಬೆಯನ್ನೇ ಅರಸಬೇಕು.

ಹೊರದೇಶಗಳ ಮಾತು

ಇಂಗ್ಲೆಂಡಿನ ಬ್ರಿಟನ್ಸ್ ಸಂಸ್ಥೆಯು 1893ರಲ್ಲಿ ಒಳಗೆ ಪೊಳ್ಳಾದ ಸೀಸದ ಸಿಪಾಯಿಗಳನ್ನು ಎರಕ ಹೊಯ್ಯುವ ಉಪಾಯವನ್ನು ಕಂಡುಹಿಡಿದು ಹೆಸರಾಯಿತು. ಮೊದಲನೆಯ ಮಹಾಯುದ್ಧವು ಮುಗಿದಾಗ ಮಕ್ಕಳಿಗೆ ಸಿಪಾಯಿಗಳನ್ನು ಕೊಡಲು ತಂದೆತಾಯಿಗಳಿಗೆ ಮನಸ್ಸು ಬರಲಿಲ್ಲ. ಆಗ, 1920ರ ದಶಕದಲ್ಲಿ, ಅದೇ ಸಂಸ್ಥೆಯು ಹಸು, ಕುರಿ, ಹಂದಿ, ಬಾತುಗಳ ಸಾಲನ್ನು ಹೊರತಂದಿತು. ಅವು ಮನೆಮನೆಯನ್ನು ಸೇರಿದವು. ಸೀಸವು ವಿಷವೆಂದು ತಿಳಿದ ಮೇಲೆ 1966ರ ಹೊತ್ತಿಗೆ ಸೀಸದ ಎರಕವು ಅಲ್ಲಿ ನಿಂತುಹೋಯಿತು. ಜರ್ಮನಿಯಲ್ಲಿ 1935ರಲ್ಲಿ ಸ್ಥಾಪಿತವಾದ ಶ್ಲೈಖ್ ಸಂಸ್ಥೆಯ ಪ್ರಾಣಿಗೊಂಬೆಗಳನ್ನು ಇಂದು ನಮ್ಮ ನಗರದ ದೊಡ್ಡ ಅಂಗಡಿಗಳಲ್ಲಿಯೂ ಕಾಣಬಹುದು.

ಕೀಟಗಳ ಗೊಂಬೆಯಲ್ಲಿ ಮಾತ್ರ ಜಪಾನರನ್ನು ಮೀರಿಸಿದವರಿಲ್ಲ. ಅಲ್ಲಿ ದೀರ್ಘಕಾಲ ಯುದ್ಧವಿಲ್ಲದೆ ಶಾಂತಿ ನೆಲೆಸಿದಾಗ, ಕವಚ ಮಾಡುತ್ತಿದ್ದ ಮ್ಯೋಚಿನ್ ಮನೆತನದ ಕಮ್ಮಾರರು ಕಬ್ಬಿಣದ ತುಣುಕುಗಳಿಂದ ಕೀಲುಕೀಲಾಗಿ ಚಲಿಸುವ ಹಾವು, ಏಡಿ, ಮಿಡತೆಗಳನ್ನು ಮಾಡತೊಡಗಿದರು. ಆ ಬಗೆಯ ಒಂದು ಡ್ರ್ಯಾಗನ್ನಿನ ಮೇಲೆ 1713ನೆಯ ಇಸವಿಯ ಗುರುತಿದೆ. ನಮ್ಮ ಕಾಲಕ್ಕೆ ಬಂದರೆ, 1999ರಲ್ಲಿ ಚಾಕೊಲೇಟಿನ ಮೊಟ್ಟೆಯೊಳಗೆ ಜಪಾನಿನ ಕಾಡುಪ್ರಾಣಿ, ಹಕ್ಕಿ, ಹುಳುಗಳ ಸಣ್ಣ ಗೊಂಬೆಗಳನ್ನಿಟ್ಟು ಮಾರಲಾಯಿತು. ಅವುಗಳನ್ನು ರೂಪಿಸಿದವರು ಕೈಯೋದೋ ಎಂಬ ಸಂಸ್ಥೆಯವರು. ಮಕ್ಕಳಿಗೆಂದು ಹೊರಟ ಮೊಟ್ಟೆಯನ್ನು ಕಛೇರಿಯ ಗುಮಾಸ್ತರು ಮುಗಿಬಿದ್ದು ಕೊಂಡರು. 2018ರಲ್ಲಿ ಬಂಡಾಯ್ ಎಂಬ ಸಂಸ್ಥೆಯು, ಮುಟ್ಟಿದರೆ ಗುಂಡಾಗಿ ಸುತ್ತಿಕೊಳ್ಳುವ ಒಂದು ಬಡ ಹುಳುವಿನ ಗೊಂಬೆಯನ್ನು ಹೊರತಂದಿತು. ಗೊಂಬೆಯೂ ಹುಳುವಿನಂತೆಯೇ ಸುತ್ತಿಕೊಳ್ಳುತ್ತದೆ. ಕಲ್ಲಿನಡಿಯ ಹುಳುವನ್ನೂ ಅಲಕ್ಷಿಸದೆ ನೋಡುವ ಜನಕ್ಕೆ ಇಂತಹ ಗೊಂಬೆ ಹೊಳೆಯುತ್ತದೆ.

ಗೊಂಬೆಗೊಂದು ಹೆಸರಿನ ಚೀಟಿ

ಈಗ ನಮ್ಮ ಮುಖ್ಯ ಮಾತಿಗೆ ಬರುತ್ತೇವೆ. ಮಿಯಾಪುರದ ಕನ್ನಡದ ಮನೆಯೊಂದರ ಮಗುವಿನ ಮುಂದೆ ಆ ಹುಳುಗಳ ಚೀಲವನ್ನು ಸುರಿದು ಹೆಸರು ಕೇಳಿ ನೋಡಿರಿ. ‘ಸ್ಪೈಡರ್’, ‘ಬಟರ್‌ಫ್ಲೈ’ ಎಂಬ ಉತ್ತರಗಳು ತಟ್ಟನೆ ಬರುತ್ತವೆ. ಆಟದ ಬಯಲಿನಲ್ಲಿ ಕಲಿತ ತೆಲುಗು ಹೆಸರು ಎರಡನೆಯದಾಗಿ ಬರಬಹುದು. ಜೀರುಂಡೆ, ಕಣಜ, ಗೊದ್ದ, ಸಗಣಿಹುಳು, ಮಿಂಚುಹುಳು, ಓತಿಕ್ಯಾತ, ಉಡ ಎಂಬ ಮಾತುಗಳು ಬಹುತೇಕ ಬಾರವು. ಮಗುವಿನ ತಪ್ಪು ಏನೂ ಇಲ್ಲ. ಕಣ್ಣು ಕಾಣದ್ದನ್ನು ನಾಲಿಗೆ ಹೆಸರಿಸಲಾರದು. ಮನೆಯವರು ಉಚ್ಚರಿಸದ ಶಬ್ದವನ್ನು ಮಗು ಎಲ್ಲಿಂದ ತಂದೀತು?

ಸಂಗ್ರಹವು ಸಹಾಯಕ್ಕೆ ಬರುವುದು ಇಲ್ಲಿಯೇ. ಪ್ರತಿಯೊಂದು ಗೊಂಬೆಗೂ ಒಂದು ಚೀಟಿ ಕಟ್ಟಿರಿ. ಅದರಲ್ಲಿ ಮೊದಲು ಕನ್ನಡದ ಹೆಸರು, ನಿಮ್ಮ ಊರಿನ ಕಡೆ ಬೇರೆ ಹೆಸರಿದ್ದರೆ ಅದೂ. ಅನಂತರ ತೆಲುಗು ಹೆಸರು. ಕೊಂಡ ಊರು, ವರ್ಷ. ಮಿಡತೆ ತೆಲುಗಿನಲ್ಲಿ ಮಿಡತ, ಜಿಂಕೆ ಜಿಂಕ, ಚೇಳು ತೇಲು, ಹಾವು ಪಾಮು. ಎರಡು ಭಾಷೆಗಳು ಅಕ್ಕತಂಗಿಯರೆಂಬುದನ್ನು ಮಗು ವ್ಯಾಕರಣವಿಲ್ಲದೆ ತಿಳಿಯುತ್ತದೆ. ಕೆಲವೆಡೆ ತಂಗಿ ದೂರ ಸರಿದಿರುವುದೂ ಉಂಟು: ನಮ್ಮ ಇರುವೆ ಅವರಿಗೆ ಚೀಮ, ನಮ್ಮ ಚಿಟ್ಟೆ ಅವರಿಗೆ ಸೀತಾಕೋಕಚಿಲುಕ.

ಒಂದು ಹಕ್ಕಿಯ ವಿಷಯವನ್ನು ವಿಶೇಷವಾಗಿ ಹೇಳಬೇಕು. ಕರ್ನಾಟಕದ ರಾಜ್ಯಪಕ್ಷಿ ನೀಲಕಂಠ. ತೆಲಂಗಾಣದ ರಾಜ್ಯಪಕ್ಷಿ ಪಾಲಪಿಟ್ಟ. ಎರಡೂ ಒಂದೇ ಹಕ್ಕಿ. ದಸರೆಯ ದಿನ ಅದನ್ನು ಕಂಡರೆ ಶುಭವೆಂದು ಇಲ್ಲಿಯ ಜನರ ನಂಬಿಕೆ. ಕುಳಿತಾಗ ಕಂದಾಗಿ ಕಾಣುವ ಈ ಹಕ್ಕಿ ಹಾರಿದ ಕ್ಷಣದಲ್ಲಿ ರೆಕ್ಕೆಯ ನೀಲಿಯನ್ನು ತೋರುತ್ತದೆ. ಹೆಸರಿನಲ್ಲಿ ನೀಲಕಂಠವಾದರೂ ಅದರ ಕಂಠ ನೀಲಿಯಲ್ಲ. ಗೊಂಬೆಗೆ ಕೊರಳೆಲ್ಲ ನೀಲಿ ಬಳಿದಿದ್ದರೆ ಅದನ್ನು ಮಾಡಿದವನು ಹಕ್ಕಿಯನ್ನು ನೋಡದೆ ಹೆಸರನ್ನು ಮಾತ್ರ ಕೇಳಿದವನೆಂದು ತಿಳಿಯಿರಿ. ಹೈದರಾಬಾದಿನ ಕನ್ನಡಿಗನ ಸಂಗ್ರಹಕ್ಕೆ ಮೊದಲನೆಯ ಗೊಂಬೆ ಯಾವುದಾಗಬೇಕೆಂದು ಯಾರಾದರೂ ಕೇಳಿದರೆ, ಈ ಹಕ್ಕಿಯನ್ನೇ ನಾವು ಹೇಳುವೆವು.

ಹೆಸರು ತಿಳಿಯದವರು ನಿರಾಶರಾಗಬೇಕಾಗಿಲ್ಲ. ಕೋಟದ ಶಿವರಾಮ ಕಾರಂತರು 1930ರ ದಶಕದಲ್ಲಿಯೇ ಕನ್ನಡದ ಮಕ್ಕಳಿಗಾಗಿ ‘ಬಾಲಪ್ರಪಂಚ’ವನ್ನು ಮೂರು ಸಂಪುಟಗಳಲ್ಲಿ ಬರೆದರು. ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಗಳನ್ನು ಕುರಿತು ಕನ್ನಡದಲ್ಲಿ ಪುಸ್ತಕ ಬರೆದಿದ್ದಾರೆ. ಪುಸ್ತಕ ಕೈಗೆ ಸಿಗದಿದ್ದರೆ ಊರಿನಲ್ಲಿರುವ ಅಜ್ಜಿಗೆ ಫೋನು ಮಾಡಿ ಮಗುವಿನಿಂದಲೇ ಕೇಳಿಸಿರಿ. “ಅಜ್ಜೀ, ಈ ಹುಳಕ್ಕೆ ನಿಮ್ಮಲ್ಲಿ ಏನೆನ್ನುತ್ತಾರೆ?” ಎಂಬ ಒಂದು ಪ್ರಶ್ನೆಯಿಂದ ಅರ್ಧ ಗಂಟೆಯ ಮಾತು ಹುಟ್ಟುತ್ತದೆ. ಊಟವಾಯಿತೆ, ಮಳೆ ಬಂತೆ ಎಂಬಲ್ಲಿಗೆ ನಿಲ್ಲುತ್ತಿದ್ದ ಸಂಭಾಷಣೆಗೆ ಇದು ಮೇಲು.

ಕೊಳ್ಳುವುದು, ಕಾಪಾಡುವುದು

ಪ್ಲಾಸ್ಟಿಕ್ ಗೊಂಬೆ ಕೊಳ್ಳುವವರು ಐ.ಎಸ್.ಐ. ಗುರುತನ್ನು ನೋಡಬೇಕು. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಆಟಿಕೆಗಳಿಗೆ ಈ ಗುರುತು ಕಡ್ಡಾಯ. ನೋಂದಾಯಿತ ಕುಶಲಕರ್ಮಿಗಳ ಕೈಕೆಲಸಕ್ಕೂ ಭೌಗೋಳಿಕ ಗುರುತಿನ ಆಟಿಕೆಗಳಿಗೂ ಅದರಿಂದ ವಿನಾಯಿತಿ ಇದೆ. ಮೂರು ವರ್ಷದೊಳಗಿನ ಮಗುವಿದ್ದ ಮನೆಯಲ್ಲಿ ಸಣ್ಣ ಹುಳುಗಳ ಗೊಂಬೆಯನ್ನು ಕೈಗೆ ಸಿಗದಂತೆ ಇಡತಕ್ಕದ್ದು. ಬಾಯಿಗೆ ಹಾಕಿಕೊಂಡರೆ ಗಂಟಲಿಗೆ ಸಿಕ್ಕುವ ಭಯವುಂಟು. ಬಣ್ಣ ಬಳಿದ ಮರದ ಗೊಂಬೆಯನ್ನೂ ಎಳೆಯ ಮಕ್ಕಳು ಚೀಪದಂತೆ ನೋಡಿಕೊಳ್ಳಬೇಕು.

ಮರದ ಗೊಂಬೆಗೆ ನೀರೇ ಶತ್ರು. ಹುಣಿಸೆ ಬೀಜದ ಅಂಟು ನೀರು ತಗಲಿದರೆ ಮೆತ್ತಗಾಗಿ ಸಂದು ಬಿಡುತ್ತದೆ. ಒಣ ಬಟ್ಟೆಯಿಂದಲೋ ಮೆತ್ತನೆಯ ಕುಂಚದಿಂದಲೋ ಧೂಳು ತೆಗೆಯಬೇಕು. ಹೋಟೆಲಿನಲ್ಲಿ ಇಡುವವರು ಇಡ್ಲಿಯ ಹಬೆಯೂ ಒಗ್ಗರಣೆಯ ಜಿಡ್ಡೂ ತಾಗದ ಕಡೆ, ಗಾಜಿನ ಬಾಗಿಲ ಕಪಾಟಿನಲ್ಲಿಡುವುದು ಲೇಸು. ಬಿಸಿಲು ಬಿದ್ದರೆ ಬಣ್ಣ ಕಂದುತ್ತದೆ. ಟ್ರಂಕಿನಲ್ಲಿಡುವವರು ನುಸಿಗುಳಿಗೆ ಹಾಕಿ, ಮಳೆಗಾಲ ಕಳೆದೊಡನೆ ತೆರೆದು ನೋಡಬೇಕು. ಮಿಡತೆಯ ಗೊಂಬೆಯನ್ನು ಗೆದ್ದಲು ತಿಂದುಹೋದರೆ ನಗುವವರೂ ಅಳುವವರೂ ನಾವೇ ಆಗುತ್ತೇವೆ.

ನೋಡುವ ಕಣ್ಣನ್ನು ಹದಗೊಳಿಸಲು ನಮ್ಮ ನಗರದಲ್ಲಿ ಎರಡು ಸ್ಥಳಗಳಿವೆ. ಒಂದು, ಮೂಸಿಯ ದಂಡೆಯ ಸಾಲಾರ್ ಜಂಗ್ ವಸ್ತುಸಂಗ್ರಹಾಲಯ. ಮೂರನೆಯ ಸಾಲಾರ್ ಜಂಗರ ಸಂಗ್ರಹವನ್ನು 1951ರ ಡಿಸೆಂಬರಿನಲ್ಲಿ ಜವಾಹರಲಾಲ ನೆಹರೂ ಅವರು ಸಾರ್ವಜನಿಕರಿಗೆ ತೆರೆದರು. ಈಗಿನ ಕಟ್ಟಡಕ್ಕೆ ಅದು ಬಂದದ್ದು 1968ರಲ್ಲಿ. ಅಲ್ಲಿಯ ಮಕ್ಕಳ ವಿಭಾಗದಲ್ಲಿ ಆಟಿಕೆಗಳನ್ನು ನೋಡಬಹುದು. ಮಿಯಾಪುರದಿಂದ ಮೆಟ್ರೋದಲ್ಲಿ ಮಹಾತ್ಮಾ ಗಾಂಧಿ ಬಸ್ಸು ನಿಲ್ದಾಣದವರೆಗೆ ಹೋಗಿ ಅಲ್ಲಿಂದ ಆಟೋ ಹಿಡಿದರೆ ಸಾಕು. ಶುಕ್ರವಾರ ಮಾತ್ರ ರಜೆ. ಇನ್ನೊಂದು, 1963ರ ಅಕ್ಟೋಬರ್ 6ರಂದು ತೆರೆದ ನೆಹರೂ ಮೃಗಾಲಯ. ಅದಕ್ಕೆ ಸೋಮವಾರ ರಜೆ. ವಾರದ ರಜೆಯ ದಿನ ಗೊಂಬೆಯನ್ನು ಜೇಬಿನಲ್ಲಿಟ್ಟುಕೊಂಡು ಮೃಗಾಲಯಕ್ಕೆ ಹೋಗಿ, ಜೀವಂತ ಪ್ರಾಣಿಯ ಎದುರಿನಲ್ಲಿ ಹಿಡಿದು ಹೋಲಿಸಿ ನೋಡಿರಿ. ಕುಶಲಕರ್ಮಿ ಎಲ್ಲಿ ಗೆದ್ದಿದ್ದಾನೆ, ಎಲ್ಲಿ ಸೋತಿದ್ದಾನೆ ಎಂಬುದು ಆಗ ತಿಳಿಯುತ್ತದೆ.

ಗಡುವು ದೀರ್ಘವಿಲ್ಲ

ಕೊನೆಯದಾಗಿ ಒಂದು ಕಹಿಯಾದ ಮಾತು. ಪೊನಿಕಿ ಮರವು ಹಿಂದಿನಂತೆ ಸುಲಭವಾಗಿ ದೊರೆಯುತ್ತಿಲ್ಲ. ಕಿನ್ನಾಳದಲ್ಲಿ ಉಳಿ ಹಿಡಿಯುವ ಮನೆಗಳು ಕಡಿಮೆಯಾಗಿವೆ. ಒಂದು ಜಿಂಕೆಯನ್ನು ಕೆತ್ತಿ, ಕೂಡಿಸಿ, ಒಣಗಿಸಿ, ಬಣ್ಣ ಹಚ್ಚುವ ಹೊತ್ತಿಗೆ ಯಂತ್ರವು ಸಾವಿರ ಪ್ಲಾಸ್ಟಿಕ್ ಜಿಂಕೆಗಳನ್ನು ಉಗುಳಿರುತ್ತದೆ. ತಂದೆಯ ಕಸಬಿನಲ್ಲಿ ಹೊಟ್ಟೆ ತುಂಬದೆ ಊರು ಬಿಡುವ ಮಗನ ಕಥೆಯನ್ನು ನಮ್ಮ ವಾಚಕರಿಗೆ ಬೇರೆಯವರು ಹೇಳಬೇಕಾದುದಿಲ್ಲ. ನಾವೆಲ್ಲರೂ ಆ ದಾರಿಯಲ್ಲಿಯೇ ಇಲ್ಲಿಗೆ ಬಂದವರು.

ಆದುದರಿಂದ ನಮ್ಮ ಬಿನ್ನಹ ಇಷ್ಟೇ. ವರ್ಷಕ್ಕೆ ಹನ್ನೆರಡು ಚೀಲ ಪ್ಲಾಸ್ಟಿಕ್ ತರುವ ಹಣದಲ್ಲಿ ಒಂದು ಒಳ್ಳೆಯ ಗೊಂಬೆಯನ್ನು ಕೊಳ್ಳಿರಿ. ಊರಿಗೆ ಹೋಗುವಾಗ ದಾರಿ ಕೊಪ್ಪಳದ ಮೇಲಿದ್ದರೆ ಕಿನ್ನಾಳದಲ್ಲಿ ಇಳಿಯಿರಿ. ಮಾಡಿದವರ ಕೈಯಿಂದಲೇ ಕೊಂಡು, ಚೌಕಾಸಿಯನ್ನು ಸ್ವಲ್ಪ ಹಿಡಿತದಲ್ಲಿಡಿರಿ. ಕಿನ್ನಾಳದವರೂ ನಿರ್ಮಲದವರೂ ಸಾಮಾನ್ಯವಾಗಿ ದೇವರು, ಆನೆ, ಜಿಂಕೆ, ಹಕ್ಕಿಗಳನ್ನೇ ಮಾಡುತ್ತಾರೆ. ಒಂದು ಜೀರುಂಡೆ, ಒಂದು ಮಿಡತೆ ಮಾಡಿಕೊಡಿರೆಂದು ಕೇಳಿರಿ. ಗಿರಾಕಿ ಕೇಳದ ತಿಂಡಿಯನ್ನು ಯಾವ ಹೋಟೆಲಿನವನೂ ಮಾಡನು. ಕೇಳುವವರಿದ್ದರೆ ಮಾಡದೆ ಇರನು. ಆ ಮಿಡತೆ ಕೈಗೆ ಬಂದಾಗ ಕಾಲು ಆರಿವೆಯೇ ಎಂದು ಎಣಿಸಿ, ಚೀಟಿಯ ಮೇಲೆ ಅದರ ಹೆಸರನ್ನು ಮಗುವಿನ ಕೈಯಿಂದ ಕನ್ನಡದಲ್ಲಿ ಬರೆಯಿಸಿರಿ.